ಸ್ಕ್ಯಾನಿಗೆ ಮುಂಚೆ ಬಿಚ್ಚಿದ ಕರಡಿಗೆ

ಮಸ್ಕಿ
೨ ಜೂನ್ ೨೦೨೧

ಸಿಂಧನೂರಿನ ಸ್ಕ್ಯಾನಿಂಗ್ ಸೆಂಟರಿನ ಭಾಗ್ಯಶ್ರೀ ಅವರಿಗೆ ಶರಣು.

ಮೇ ಹದಿನಾಲ್ಕರಂದು ನಮ್ಮ ಯಜಮಾನರು ಕರಿಬಸಯ್ಯನವರ ಎದೆಯ ಸ್ಕ್ಯಾನ್ ಮಾಡಿದವರು ನೀವು. ಸ್ಕ್ಯಾನಿನ ಸ್ಕೋರು ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂದಿತ್ತು. ಕೊರೊನಾದಿಂದ ಶ್ವಾಸಕೋಶವೆಲ್ಲ ಬೆಳ್ಳಗಾಗಿದೆ ಎಂದರು ಡಾಕ್ಟರು. ನಾಲ್ಕನೇ ದಿನ ತೀರಿಕೊಂಡರು.

ಸ್ಕ್ಯಾನಿಗೆ ಮುಂಚೆ ಕೊರಳಿನಿಂದ ತೆಗೆದ ಬೆಳ್ಳಿ ಕರಡಿಗೆ ನಿಮ್ಮ ಪ್ಲಾಸ್ಟಿಕ್ ಬುಟ್ಟಿಯಲ್ಲೇ ಉಳಿದಿದೆ. ಆಂಬುಲೆನ್ಸಿನ ಗಡಿಬಿಡಿಯಲ್ಲಿ ಮರೆತೆ. ಅದರೊಳಗೆ ಅವರ ಇಷ್ಟಲಿಂಗವಿದೆ. ಅಂಗೈಯಲ್ಲಿ ಲಿಂಗವಿಲ್ಲದೆಯೇ ಅವರನ್ನು ಮಣ್ಣು ಮಾಡಿದೆವು.

ಬೆಳ್ಳಿ ಹೋಗಿದ್ದರೆ ಹೋಗಲಿ. ಲಿಂಗ ಸಿಕ್ಕರೆ ಎತ್ತಿಡಿ, ಲಾಕ್‌ಡೌನ್ ಮುಗಿದು ಬಸ್ಸು ಬಿಟ್ಟ ಕೂಡಲೇ ಬಂದು ಒಯ್ಯುತ್ತೇನೆ.

ನಿಮ್ಮ ತಪ್ಪೇನಿಲ್ಲ. ಅವರು ತೆಗೆಯಲು ಒಪ್ಪಿರಲಿಲ್ಲ. “ಐದ ನಿಮಿಷ ರೀ, ಹೊರಗ ಬಂದ ಕೂಡ್ಲೆ ನಾನ ಕಟ್ತೀನಿ” ಎಂದು ಬಿಚ್ಚಿದವಳು ನಾನೇ.

ಇಂತಿ,
ಶೇಖರಮ್ಮ