ಗಂಧ ತೇಯ್ದ ಕಲ್ಲು

ಜಿನನಾಥಪುರ
೨೦-೧೧-೧೯೬೩

ಪ್ರೀತಿಯ ತಮ್ಮ ಜಿನಚಂದ್ರನಿಗೆ ಅಕ್ಕ ಅನಂತಮತಿಯ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಕಿವಿನೋವು ವಾಸಿಯಾಯಿತೇ? ಆ ಕಡಲು ಶೋಧಿಸುವ ಹಡಗಿನವರ ಅಡುಗೆಯಲ್ಲಿ ನಿನಗೆ ಸಲ್ಲುವಂಥದ್ದು ಏನಾದರೂ ಸಿಗುತ್ತದೆಯೋ, ಬರೀ ಬ್ರೆಡ್ಡಿನಲ್ಲೇ ದಿನ ತಳ್ಳುತ್ತಿದ್ದೀಯೋ? ನೀನು ಮಾರಿಷಸ್ಸಿನಲ್ಲಿ ಕಡಲಿನೊಳಗೆ ಇಳಿಯುವುದನ್ನು ಕಲಿತೆಯೆಂದರೆ ನನಗೆ ಈಗಲೂ ನಂಬಿಕೆಯಾಗುವುದಿಲ್ಲ. ಬೆಳಗೊಳದ ಕಲ್ಯಾಣಿಯಲ್ಲಿ ಮೂರನೇ ಮೆಟ್ಟಿಲಿಗೆ ಇಳಿಸಿದರೆ ಊರೆಲ್ಲ ಕೇಳುವಂತೆ ಅಳುತ್ತಿದ್ದವನು ನೀನು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ರಬ್ಬರು, ಮೊದಲು ಸೊಂಟದುದ್ದದ ನೀರಿನಲ್ಲಿ ಪಾಠ, ಏನೇ ಆದರೂ ಉಸಿರು ಕಟ್ಟಬಾರದು, ಜೊತೆಗಾರನನ್ನು ಬಿಟ್ಟು ಹೋಗಬಾರದು ಎಂದೆಲ್ಲ ಬರೆದಿದ್ದೆಯಲ್ಲ, ಅದನ್ನು ಓದಿ ನನಗೇ ಉಸಿರು ಕಟ್ಟಿತು. ಆ ಮಾತುಗಳನ್ನು ದಯವಿಟ್ಟು ಮೀರಬೇಡ.

ಈಗ ಮನೆಯ ಸಮಾಚಾರ. ಮನಸ್ಸು ಗಟ್ಟಿ ಮಾಡಿಕೊಂಡು ಓದು. ಬೇಸಿಗೆಯಲ್ಲಿ ನೀನು ಪಾರ್ಸೆಲಿನಲ್ಲಿ ಒಂದು ಬಿಳಿಯ ಕಲ್ಲು ಕಳಿಸಿದ್ದೆ. ಬೆಂಕಿ ಕಾರಿದ ಬೆಟ್ಟದಿಂದ ಹುಟ್ಟಿದ ದ್ವೀಪದ್ದು ಎಂದಷ್ಟೇ ಚೀಟಿಯಲ್ಲಿ ಬರೆದಿದ್ದೆ. ಅಪ್ಪನಿಗೆ ಆದ ಸಂತೋಷ ಹೇಳತೀರದು. ಬೆಂಕಿಯ ಬೆಟ್ಟದ ಕಲ್ಲು ಕಪ್ಪಗಿರಬೇಡವೇ ಎಂದು ನಾನು ಕೇಳಿದ್ದಕ್ಕೆ, ಸುಟ್ಟ ಸುಣ್ಣ ಬೆಳ್ಳಗಾಗುವುದಿಲ್ಲವೇ ಎಂದು ನನ್ನ ಬಾಯಿ ಮುಚ್ಚಿಸಿದರು. "ಬೆಂಕೀಲಿ ಬೆಂದ ಕಲ್ಲು ಕಣಮ್ಮ, ಇದ್ರಲ್ಲಿ ಒಂದು ಜೀವಾನೂ ಇರಾಕಿಲ್ಲ" ಎಂದರು. ಸ್ವಾಮಿಯ ಪೂಜೆಗೆ ಗಂಧ ತೇಯ್ದುಕೊಡುವುದು ಅವರ ನಿತ್ಯದ ಸೇವೆಯಲ್ಲವೇ? ಹಳೆಯ ಸಾಣೆಕಲ್ಲನ್ನು ತೆಗೆದಿಟ್ಟು, ಇದರ ಚಪ್ಪಟೆಯಾದ ಮಗ್ಗುಲಿನ ಮೇಲೆ ತೇಯತೊಡಗಿದರು. ಮಳೆಗಾಲವೆಲ್ಲ ಬಸದಿಗೆ ಹೋದದ್ದು ಅದೇ ಗಂಧ.

ಆಮೇಲೆ ನಿನ್ನ ಕಾಗದ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ತಾವೇ ಓದಿದರು. ನೀರಿನಡಿಯ ಕರಿಬಂಡೆಯ ಮೇಲೆ ಹವಳ ಬೆಳೆಯುತ್ತದೆ, ಅದು ಕಲ್ಲಲ್ಲ, ಲೆಕ್ಕವಿಲ್ಲದಷ್ಟು ಪುಟ್ಟ ಜೀವಗಳ ಮೈ, ಕತ್ತಲಾದರೆ ಅವು ಬಾಯಿ ತೆರೆಯುತ್ತವೆ, ಮೊದಲ ಸಲ ಮುಳುಗಿದಾಗ ಸುತ್ತಿಗೆಯಿಂದ ಮುರಿದು ತಂದದ್ದನ್ನೇ ಮನೆಗೆ ಕಳಿಸಿದೆ ಎಂದು ಎಷ್ಟು ಹೆಮ್ಮೆಯಿಂದ ಬರೆದಿದ್ದೆ. ಅಪ್ಪ ಕಾಗದ ಮಡಿಸಿಟ್ಟು ಆ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಜೀವಗಳ ಮೈ ಮ್ಯಾಲೆ ಗಂಧ ತೇದು ಸ್ವಾಮಿಗೆ ಹಚ್ಚಿದ್ನಲ್ಲ ಕಣಮ್ಮ" ಎಂದರು. ಅಷ್ಟೇ. ಅಂದಿನಿಂದ ಬಸದಿಯ ಹೊಸ್ತಿಲು ತುಳಿದಿಲ್ಲ. ದೀಪಾವಳಿಯ ನಿರ್ವಾಣ ಪೂಜೆಗೂ ಹೋಗಲಿಲ್ಲ. ಮೊದಲು ಅನ್ನ ಬಿಟ್ಟರು, ಆಮೇಲೆ ಹಾಲು. ಈಗ ದಿನಕ್ಕೊಂದು ಲೋಟ ಮಜ್ಜಿಗೆ, ಅದೂ ಅಮ್ಮ ಎದುರು ಕೂತರೆ ಮಾತ್ರ. ಬೆಳಗೊಳದಲ್ಲಿದ್ದ ಮುನಿಗಳನ್ನು ಕಂಡು ಬಂದೆವು. ತಿಳಿಯದೆ ಆದದ್ದು, ಇಷ್ಟು ಜಪ ಮಾಡಿದರೆ ಸಾಕು, ಈ ಉಪವಾಸಕ್ಕೆ ನನ್ನ ಒಪ್ಪಿಗೆಯಿಲ್ಲ ಎಂದು ಅವರು ತಿಳಿಯಹೇಳಿದರು. ಅಪ್ಪ ಜಪ ಮುಗಿಸಿದರು, ಊಟಕ್ಕೆ ಮಾತ್ರ ಏಳಲಿಲ್ಲ. ಚನ್ನರಾಯಪಟ್ಟಣದ ಡಾಕ್ಟರು ಹಾಸನದ ಆಸ್ಪತ್ರೆಗೆ ಸೇರಿಸಿ ಎಂದರೆ ಅಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ.

ಇದಕ್ಕಿಂತ ನೋಡಲಾಗದ್ದು ಇನ್ನೊಂದಿದೆ. ನೀರು ಸೋಸಿದ ಬಟ್ಟೆಯನ್ನು ನಾವು ಅದೇ ಬಾವಿಯ ನೀರಿನಲ್ಲಿ ಜಾಲಿಸಿ, ಅದರಲ್ಲಿ ಸಿಕ್ಕ ಜೀವಗಳನ್ನು ಅದೇ ಬಾವಿಗೆ ಬಿಡುತ್ತೇವಲ್ಲ? ಇವುಗಳ ನೀರು ಎಲ್ಲಿದೆ ಎಂದು ಅಪ್ಪ ಕೇಳುತ್ತಾರೆ. ಕಂಚಿನ ಬೋಗುಣಿಯಲ್ಲಿ ಸೋಸಿದ ನೀರಿಗೆ ಉಪ್ಪು ಕರಗಿಸಿ ಆ ಕಲ್ಲನ್ನು ಮುಳುಗಿಸಿಟ್ಟಿದ್ದಾರೆ. ಕತ್ತಲಾಗುತ್ತಲೂ ಪಕ್ಕದಲ್ಲಿ ಕೂತು ಬಾಯಿ ತೆರೆಯುತ್ತವೆಯೇನೋ ಎಂದು ನೋಡುತ್ತಾರೆ. ನನಗೆ ಕೋಪ ಬರುತ್ತದೆ, ಕಣೋ. ಅಪ್ಪನ ಮೇಲೆ, ನಿನ್ನ ಮೇಲೆ, ಆ ಹಾಳು ಕಲ್ಲಿನ ಮೇಲೆ. ಆಮೇಲೆ ಅವರ ಬೆನ್ನು ನೋಡಿ ಅಳು ಬರುತ್ತದೆ. ಬನಿಯನ್ನಿನೊಳಗೆ ಮೂಳೆ ಬಿಟ್ಟರೆ ಇನ್ನೇನೂ ಉಳಿದಿಲ್ಲ.

ನಿನ್ನ ತಪ್ಪೆಂದು ನಾನು ಹೇಳುವುದಿಲ್ಲ. ಅಕ್ಕರೆಯಿಂದ ಕಳಿಸಿದ್ದೆ. ಮೈ ಜೋಪಾನ. ಸ್ವಾಮಿ ನಿನ್ನನ್ನು ನೀರಿನ ಒಳಗೂ ಹೊರಗೂ ಕಾಯಲಿ.

ನಿನ್ನ ಅಕ್ಕ,
ಅನಂತಮತಿ

ಮರೆಯುವ ಮುಂಚೆ: ಈ ಕಾಗದ ಕೈಗೆ ಬಂದ ಕೂಡಲೇ ತಂತಿ ಕೊಡು. ನೀನು ಮುರಿದ ಹವಳ ಹಡಗಿನಲ್ಲೇ ಇದೆ, ಮನೆಗೆ ಬಂದದ್ದು ಬೇರೆ, ಅದು ಸತ್ತು ಒಣಗಿ ದಡಕ್ಕೆ ಬಿದ್ದಿತ್ತು ಎಂದು. ಇಂಗ್ಲಿಷಿನಲ್ಲಿರಲಿ, ಪೋಸ್ಟ್ ಮಾಸ್ಟರು ಓದಿ ಹೇಳಿದರೆ ಅಪ್ಪ ನಂಬುತ್ತಾರೆ. ಸುಳ್ಳಿನ ಪಾಪ ನನಗಿರಲಿ. ತಂತಿ ಕೊಡುವ ಮುಂಚೆಯೇ ಅಪ್ಪ ಹೋಗಿಬಿಟ್ಟರೆಂದು ತಿಳಿದರೂ ಕೊಡು. ಅಮ್ಮನಿಗೆ ಓದಿ ಹೇಳಬೇಕು. ಅವಳು ನಿನ್ನ ಹೆಸರೆತ್ತುವುದನ್ನೇ ಬಿಟ್ಟಿದ್ದಾಳೆ.