ಬದುಕಿದ್ದವಳಿಗೆ ಹಾಡಿದ ಅಳು

ಸಾಂತಾ ಎಲೆನಾ, ಇಲೋಕೋಸ್
ನವೆಂಬರ್ ೧೪

ನನ್ನ ಮುದ್ದು ಜೊವಿ,

ನಿನ್ನ ಅಮ್ಮನ ಅಮ್ಮ ನಾನು ಬದುಕಿದ್ದೇನೆ, ನಿನ್ನ ಅಮ್ಮ ಬದುಕಿದ್ದಾಳೆ. ನೀನು ಏನೇ ಅಂದುಕೊಂಡಿದ್ದರೂ ನಿನ್ನ ಅಪ್ಪನ ಅಮ್ಮ ಪೆತಾಂಗ್ ಕೂಡ ಬದುಕಿದ್ದಾಳೆ. ಈ ಕಾಗದ ಬರೆಯುತ್ತಿರುವ ಹೊತ್ತಿಗೆ ಅವಳು ನನ್ನ ಬಿದಿರಿನ ಜಗುಲಿಯಲ್ಲಿ ಕುಳಿತು, ನಾನು ಬೇಯಿಸಿದ ಹುರುಳಿಕಾಯಿಗೆ ಉಪ್ಪು ಕಡಿಮೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಾಳೆ.

ಭಾನುವಾರ ನೀನು ಫೋನಿನಲ್ಲಿ ಕೂಗಿದ ಕೂಗಿಗೆ ನನ್ನ ಕೋಳಿಗಳು ಪೇರಲ ಮರ ಹತ್ತಿದವು. "ಬದುಕಿರೋರಿಗೆ ಯಾರಾದ್ರೂ ದುಂಗಾವ್ ಹಾಡ್ತಾರಾ ಅಪೊಂಗ್? ನೀನೇ ಅವರನ್ನ ಹೂತು ಹಾಕ್ದಂಗಾಯ್ತು" ಎಂದೆ. ಈ ಅಜ್ಜಿ ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟೂ ಬಿಟ್ಟೆ. ಅದಕ್ಕೇ ಈ ಕಾಗದ. ನಾಲ್ಕನೇ ತರಗತಿ ಓದಿದವಳದಾದರೂ ಇದನ್ನು ಮಧ್ಯದಲ್ಲಿ ಕತ್ತರಿಸಲು ನಿನ್ನಿಂದ ಆಗುವುದಿಲ್ಲ. ಬೇಕಾದರೆ ಹರಿ. ಆದರೆ ನಿನ್ನ ಬುದ್ಧಿ ನನಗೆ ಗೊತ್ತು, ಪೂರ್ತಿ ಓದಿಯೇ ಹರಿಯುತ್ತೀಯೆ.

ಮನಿಲಾಕ್ಕೆ ಹೋಗಿ ನರ್ಸ್ ಆದ ಮೇಲೆ ನಮ್ಮ ಊರಿನ ಪದ್ಧತಿ ನಿನಗೆ ಮರೆತುಹೋಗಿರಬಹುದು. ಇಲ್ಲಿ ಯಾರೇ ಸತ್ತರೂ ಶವದ ಪಕ್ಕ ಕುಳಿತು ಹಾಡಿ ಅಳಲು ನನ್ನನ್ನು ಕರೆಯುತ್ತಾರೆ. ಸತ್ತವರ ಬದುಕನ್ನೆಲ್ಲ ದುಂಗಾವ್ ರಾಗದಲ್ಲಿ ಹೇಳಬೇಕು, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಬರೀ ಹೊಗಳಿ ಹಾಡಿದರೆ ಪೆಟ್ಟಿಗೆಯಲ್ಲಿ ಮಲಗಿದವರಿಗೇ ಇದು ಯಾರ ವಿಷಯ ಎಂದು ತಿಳಿಯುವುದಿಲ್ಲ. ನಾನು ಅತ್ತು ಮುಗಿಸಿದ ಮೇಲೆ ಪೆತಾಂಗ್ ಜಪಸರ ಹಿಡಿದು ಬರುತ್ತಾಳೆ. ಮುಂದಿನ ಒಂಬತ್ತು ದಿನದ ಪ್ರಾರ್ಥನೆ ಅವಳದು. ಊರಿನ ಸತ್ತವರನ್ನೆಲ್ಲ ನಾವಿಬ್ಬರು ಬೀಗಿತ್ತಿಯರು ಹೀಗೆ ಹಂಚಿಕೊಂಡಿದ್ದೆವು. ಕಣ್ಣೀರು ನನ್ನ ಪಾಲು, ದೇವರು ಅವಳ ಪಾಲು.

ಮಳೆಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಇನ್ನು ಮಾಡುವುದು ಏನೂ ಉಳಿದಿಲ್ಲ ಎಂದು ಡಾಕ್ಟರು ನಿನಗೂ ನಿನ್ನ ಅಮ್ಮನಿಗೂ ಹೇಳಿದರು. ಅವಳಿಗೆ ಹೇಳಬೇಡಿ, ಹುಣ್ಣು ಅನ್ನಿ, ವಾಸಿಯಾಗುತ್ತೆ ಅನ್ನಿ ಎಂದವಳು ನೀನು. ನಿನ್ನ ಮೇಲೆ ನನಗೆ ಕೋಪ ಇಲ್ಲ ಮಗಳೇ, ನೀನು ಪ್ರೀತಿಯಿಂದಲೇ ಹೇಳಿದ್ದು. ನಾವೂ ಹಾಗೇ ಹೇಳಿದೆವು. ಅವಳು ತಲೆಯಾಡಿಸಿ ಕೇಳಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಜಪಸರ ಮೊಳೆಯ ಮೇಲೆ ತೂಗಿಯೇ ಇತ್ತು. ಭಾನುವಾರ ಪರಮಪ್ರಸಾದ ತಂದ ಪಾದ್ರಿ ಎಲಿಸೆಯೊ ಅವರಿಗೆ ನಿದ್ದೆ ಬಂದಿದೆ ಎಂದು ಹೇಳಿಸಿದಳು. ಸತ್ತವರ ಹಬ್ಬದ ದಿನ ಇಡೀ ಊರು ಸ್ಮಶಾನದಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ, ಪ್ರಾರ್ಥನೆ ಹೇಳಿಸುವವಳೇ ಇರಲಿಲ್ಲ. ಊರಿಗೆಲ್ಲ ಸ್ವರ್ಗದ ದಾರಿ ತೋರಿಸಿದವಳಿಗೆ ತನಗಾಗಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎನ್ನಲೂ ಬಾಯಿ ಬರುತ್ತಿರಲಿಲ್ಲ. ನೋವಿಗೆ ಮಾತ್ರೆ ಇತ್ತು ಜೊವಿ, ಇದಕ್ಕೆ ಇರಲಿಲ್ಲ.

ಮಾರನೆಯ ದಿನ ಬಾಳೆಲೆಯಲ್ಲಿ ಸುಟ್ಟ ಅಂಟಕ್ಕಿ ಕಡುಬು ತೆಗೆದುಕೊಂಡು ಹೋದೆ. ಅವಳು ಕಡುಬನ್ನು ಮುಟ್ಟಲಿಲ್ಲ, ನಿನ್ನ ಅಮ್ಮನನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿದಳು.

"ಓನ್ಸಿಯಾಂಗ್, ಎಲ್ರೂ ನಂಗೆ ಸುಳ್ಳು ಹೇಳ್ತಿದಾರೆ. ನಿಂಗೆ ಮಾತ್ರ ಸುಳ್ಳು ನೆಟ್ಟಗೆ ಬರಲ್ಲ. ನಂಗೆ ಭಯ ಕಣೇ. ಪ್ರಾರ್ಥನೆ ಬರ್ತಿಲ್ಲ. ನನ್ನ ದುಂಗಾವ್ ಈಗ್ಲೇ ಹಾಡು. ಸತ್ತ ಮೇಲೆ ನೀನು ಏನು ಕಿರುಚಿಕೊಂಡ್ರೂ ನಂಗೇನು ಕೇಳ್ಸುತ್ತೆ?"

ನಾನು ಒಪ್ಪಲಿಲ್ಲ. ಇರುವವರ ಹೆಸರನ್ನು ಆ ರಾಗಕ್ಕೆ ಸೇರಿಸಿದರೆ ಸಾವು ಮನೆ ಹುಡುಕಿಕೊಂಡು ಬರುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅದನ್ನೇ ಹೇಳಿದೆ.

"ಅದಕ್ಕೆ ಮನೆ ಆಗ್ಲೇ ಗೊತ್ತು. ನನ್ನ ಹೊಟ್ಟೇಲೇ ಕೂತಿದೆ. ನೀನು ಅದನ್ನ ಮಾತಾಡ್ಸು, ಸಾಕು" ಎಂದಳು.

ಏನು ಹೇಳುವುದು ಇಂಥವಳಿಗೆ? ವರ್ಷಕ್ಕೊಮ್ಮೆ ಪಾದ್ರಿಗಳು ಹಣೆಗೆ ಬೂದಿ ಬಳಿದು ನೀನು ಮಣ್ಣು ಎಂದಾಗ ನಾವೆಲ್ಲ ಸಾಲಾಗಿ ನಿಂತು ತಲೆಬಾಗುತ್ತೇವೆ. ಹೊರಗೆ ಬಂದು ಹಣೆ ಒರೆಸಿಕೊಂಡು ಬೆಳ್ಳುಳ್ಳಿಯ ದರ ಮಾತಾಡುತ್ತೇವೆ. ಇವಳೊಬ್ಬಳು ಒರೆಸಿಕೊಳ್ಳಲಾರದೆ ಮಲಗಿದ್ದಳು. ನಾನು ತಲೆಗೆ ಕಪ್ಪು ಬಟ್ಟೆ ಹೊದ್ದು ಚಾಪೆಯ ಮೇಲೆ ಕುಳಿತೆ.

ಅಯ್ಯೋ ನನ್ನ ಬೀಗಿತ್ತಿ, ನನ್ನ ಬೀಗಿತ್ತಿ ಎಂದು ಶುರುಮಾಡಿದೆ. ಇನ್ನು ಬೆಳಗಾದರೆ ನನ್ನ ಅಂಗಳಕ್ಕೆ ಕಸ ತಳ್ಳುವವರು ಯಾರು, ಚರ್ಚಿನ ಮೊದಲ ಬೆಂಚಿನಲ್ಲಿ ಇಬ್ಬರ ಜಾಗಕ್ಕೆ ಒಬ್ಬಳೇ ಹರಡಿ ಕೂರುವವರು ಯಾರು, ಜಪಸರವನ್ನು ಲಾವೋಗಿನ ಬಸ್ಸಿನಂತೆ ಎಲ್ಲೂ ನಿಲ್ಲಿಸದೆ ಓಡಿಸುವವರು ಯಾರು ಎಂದೆ. ಪಾದ್ರಿಗಳ ಕಾಲಿನ ಸದ್ದಿಗೆ ಉರಿಯುವ ಚುಟ್ಟಾವನ್ನು ಲಂಗದ ಜೇಬಿಗೆ ಹಾಕಿಕೊಂಡು ಸಂತಳಂತೆ ಹೊಗೆಯಾಡುತ್ತ ನಿಂತದ್ದನ್ನೂ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು, ಸಂಗೀತ ಕೇಳುವವರ ಹಾಗೆ ಕೇಳುತ್ತಿದ್ದಳು. ಮಾರುವ ವಿನೆಗರ್‌ಗೆ ನೀರು ಬೆರೆಸಿದ ಕಥೆ ಬಂದಾಗ ಮಾತ್ರ ಒಂದು ಕಣ್ಣು ತೆರೆದು, ಅದು ಒಂದೇ ವರ್ಷ, ಜಾಡಿಯ ಮುಚ್ಚಳ ಒಡೆದು ಮಳೆ ನೀರು ಬಿದ್ದಿತ್ತು, ತಿದ್ದಿ ಹಾಡು ಎಂದಳು. ತಿದ್ದಿ ಹಾಡಿದೆ.

ನನ್ನ ಸ್ವರ ನಿನಗೆ ಗೊತ್ತಲ್ಲ, ಬೇಲಿ ದಾಟುತ್ತದೆ. ಪೆತಾಂಗ್ ಹೋದಳು ಎಂದು ಅಕ್ಕಪಕ್ಕದವರೆಲ್ಲ ಒಲೆ ಆರಿಸಿ ಓಡಿ ಬಂದರು. ಸಾವಿನ ಊಟಕ್ಕೆ ಹಂದಿ ಕೊಯ್ಯುವ ಗಾವಿನೊ ಕತ್ತಿ ಮಸೆದುಕೊಂಡೇ ಬಂದ. ಬಂದವರು ನೋಡುತ್ತಾರೆ, ಶವ ದಿಂಬಿಗೆ ಒರಗಿ ಕುಳಿತು ಕಡುಬು ಬಿಚ್ಚುತ್ತಿದೆ.

ನನಗೆ ಅಲ್ಲಿಗೇ ನಿಲ್ಲಿಸಬೇಕೆಂದಿತ್ತು. ಆದರೆ ದುಂಗಾವ್‌ನಲ್ಲಿ ಬಾಯಿ ನನ್ನ ಮಾತು ಕೇಳುವುದಿಲ್ಲ. ಅದು ನಿನ್ನ ಅಪ್ಪನ ಹತ್ತಿರ ಹೋಯಿತು.

ಸೆವೆರೊ ಇದ್ದ ಬೆಳ್ಳುಳ್ಳಿ ಲಾರಿ ಘಾಟಿಯಲ್ಲಿ ಉರುಳಿದಾಗ ನಿನಗೆ ಎರಡು ವರ್ಷವೂ ತುಂಬಿರಲಿಲ್ಲ. ಅವನ ಪೆಟ್ಟಿಗೆಯ ಪಕ್ಕ ನಾನು ಕಪ್ಪು ಬಟ್ಟೆ ಹೊದ್ದು ಕುಳಿತಿದ್ದೆ, ಪೆತಾಂಗ್ ಕೈಯೆತ್ತಿ ತಡೆದಳು. ಕೊಟ್ಟವನೇ ತೆಗೆದುಕೊಂಡ, ಅವನ ಚಿತ್ತ, ಈ ಮನೆಯಲ್ಲಿ ಯಾರೂ ಅಳಕೂಡದು ಎಂದಳು. ಕಣ್ಣು ಒದ್ದೆಯಾಗದೆ ಒಂಬತ್ತು ದಿನವೂ ಪ್ರಾರ್ಥನೆ ಹೇಳಿಸಿದಳು. ಎಂಥ ವಿಶ್ವಾಸ ಎಂದು ಊರು ಹೊಗಳಿತು. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಎತ್ತಿದವರಿಲ್ಲ. ನಿನಗೆ ಅಪ್ಪ ಎಂದರೆ ಗೋಡೆಯ ಮೇಲಿನ ಒಂದು ಚೌಕಟ್ಟು, ಅಷ್ಟೇ.

ನಾನು ಹಾಡಿದ್ದು ಇಷ್ಟು. ನನ್ನ ಬೀಗಿತ್ತಿ, ಅಲ್ಲಿ ಬಾಗಿಲಲ್ಲಿ ನಿನ್ನ ಸೆವೆರೊ ನಿಂತಿದ್ದಾನೆ, ತೋಳು ಮಡಚಿದ ಹಳದಿ ಅಂಗಿಯಲ್ಲಿ, ಅಮ್ಮ ನೀನೊಬ್ಬಳು ನನಗಾಗಿ ಅಳಲೇ ಇಲ್ಲವಲ್ಲ ಎಂದು ಕೇಳುತ್ತಿದ್ದಾನೆ.

ನಿನ್ನ ಅಮ್ಮ ಬಾಗಿಲಲ್ಲಿ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬೀಗಿತ್ತಿಯನ್ನು ನಾನೇ ಕೊಂದೆ ಎಂದುಕೊಂಡೆ.

ಆಗ ಪೆತಾಂಗ್ ನನ್ನ ತಲೆಯ ಕಪ್ಪು ಬಟ್ಟೆ ಎಳೆದು ತಾನು ಹೊದ್ದುಕೊಂಡಳು. ಹೊದ್ದು ಹಾಡಿದಳು. ಅವಳ ಸ್ವರ ಕೆಟ್ಟದ್ದು, ರಾಗ ಒಂದು ಕಡೆ ಮಾತು ಒಂದು ಕಡೆ. ಆದರೆ ಇಷ್ಟು ವರ್ಷ ಅವಳು ಮಗನ ಒಂದು ನೆನಪನ್ನೂ ಕಳೆದುಕೊಂಡಿರಲಿಲ್ಲ. ಜೊವಿ, ಇದನ್ನು ನಿಧಾನವಾಗಿ ಓದು, ಇದು ನಿನ್ನ ಅಪ್ಪ. ಅವನಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ, ಬಾಯಿಯಲ್ಲೇ 'ಫಿಯು ಫಿಯು' ಎಂದು ಹೇಳಿ ಎಮ್ಮೆಯನ್ನು ಕರೆಯುತ್ತಿದ್ದ, ಎಮ್ಮೆ ಅದಕ್ಕೂ ಬರುತ್ತಿತ್ತು. ಮೀನಿನ ತಲೆಯನ್ನು ಕದ್ದು ತಿನ್ನುತ್ತಿದ್ದ. ನಿನ್ನ ಅಮ್ಮನನ್ನು ಕೇಳಲು ನಮ್ಮ ಮನೆಗೆ ಬಂದ ದಿನ ಹೆದರಿ ಚಪ್ಪಲಿ ಬಿಟ್ಟು ಓಡಿದ್ದ. ನೀನು ಹುಟ್ಟಿದ ಮೇಲೆ ವಾರಕ್ಕೊಮ್ಮೆ ನಿನ್ನನ್ನು ಬೆಳ್ಳುಳ್ಳಿ ಬುಟ್ಟಿಯಲ್ಲಿ ಮಲಗಿಸಿ, ವ್ಯಾಪಾರಿಯ ತಕ್ಕಡಿಗೆ ತೂಗುಹಾಕಿ, ಈ ವಾರದ ಫಸಲು ನೋಡಿ ಎಂದು ಸಂತೆಯಲ್ಲೆಲ್ಲ ತೋರಿಸುತ್ತಿದ್ದ. ನೀನು ಬುಟ್ಟಿಯೊಳಗೇ ಒದ್ದೆ ಮಾಡಿದ್ದಕ್ಕೆ ಆ ಬೆಳ್ಳುಳ್ಳಿಯನ್ನು ಯಾರೂ ಕೊಳ್ಳಲಿಲ್ಲ. ಅದನ್ನು ಹಾಡುವಾಗ ಪೆತಾಂಗ್ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ನಾವೆಲ್ಲರೂ ಹಾಗೆಯೇ ಇದ್ದೆವು.

ಸುಸ್ತಾಗಿ ನಿಲ್ಲಿಸಿದ ಮೇಲೆ ಅವಳು ಎಲ್ಲರ ಮುಂದೆಯೇ ನನಗೆ ಹೇಳಿದಳು.

"ದೇವರ ಚಿತ್ತ ಅಂದೆ. ಬಾಯಲ್ಲಿ ಅಂದೆ. ಒಳಗೆ ಅವನ ಮೇಲೆ ಕೆಂಡದಂಥ ಕೋಪ. ಈಗ ಅವನ ಎದುರಿಗೇ ಹೋಗಿ ನಿಲ್ಲಬೇಕಲ್ಲ, ಅದಕ್ಕೇ ಭಯ. ಇಷ್ಟು ವರ್ಷ ದೇವರ ಹತ್ರ ಒಳ್ಳೇ ಬಟ್ಟೆ ಹಾಕ್ಕೊಂಡೇ ಮಾತಾಡಿದೀನಿ ಕಣೇ."

ಯಾರೋ ಪಾದ್ರಿ ಎಲಿಸೆಯೊ ಅವರಿಗೆ ಹೇಳಿ ಕಳಿಸಿದ್ದರು. ಬದುಕಿರುವವಳಿಗೆ ಸಾವಿನ ವಿಧಿ ಮಾಡುತ್ತಿದ್ದಾರೆ ಎಂದು ಗದರಿಸಲು ಬಂದವರು ಆ ಮಾತು ಕೇಳಿ ಬಾಗಿಲಲ್ಲೇ ನಿಂತರು. ಸಣ್ಣ ವಯಸ್ಸು, ಗಡ್ಡವೂ ಸರಿಯಾಗಿ ಬಂದಿಲ್ಲ. ಅವರು ಪ್ರಸಂಗ ಶುರುಮಾಡುವ ಮೊದಲೇ ನಾನು ಕೇಳಿದೆ, ಸತ್ತ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸುಸ್ವಾಮಿ ಗೋರಿಯ ಮುಂದೆ ಅತ್ತರಲ್ಲ, ಅವರಿಗೆ ವಿಶ್ವಾಸ ಕಡಿಮೆ ಇತ್ತೇ ಎಂದು. ಪಾದ್ರಿಗಳು ಚಾಪೆಯ ಮೇಲೆ ಕುಳಿತರು. ಪೆತಾಂಗ್ ಮೊಳೆಯ ಮೇಲಿದ್ದ ಜಪಸರ ಕೇಳಿದಳು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ತಾನಾಗಿ ಶುರುಮಾಡಿದಳು. ಬಸ್ಸು ಈ ಸಲ ಎಲ್ಲ ಕಡೆಯೂ ನಿಂತಿತು. 'ನಮ್ಮ ಅನುದಿನದ ಆಹಾರವನ್ನು ನಮಗೆ ಇಂದು' ಎಂಬಲ್ಲಿಗೆ ಬಂದು, 'ಇಂದು' ಎಂದು ಇನ್ನೊಮ್ಮೆ ಹೇಳಿ, ಆ ಪದವನ್ನು ಹೊಸದಾಗಿ ಕೇಳಿದವಳಂತೆ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಎಷ್ಟೋ ಸಾವಿನ ಮನೆಯಲ್ಲಿ ಅವಳ ಪ್ರಾರ್ಥನೆಗೆ ದನಿಗೂಡಿಸಿದ್ದೇನೆ. ಅವಳ ಜೊತೆ ನಾನು ನಿಜವಾಗಿ ಪ್ರಾರ್ಥನೆ ಮಾಡಿದ್ದು ಅಂದೇ ಮೊದಲು.

ಆಮೆನ್ ಆದ ಮೇಲೆ ಗಾವಿನೊ ಕತ್ತಿ ಹಿಡಿದು, ಹಾಗಾದರೆ ಹಂದಿ ಬೇಡವೇ ಎಂದು ಕೇಳಿದ. ಬೇಡ ಎಂದವರು ಯಾರು, ಕಿವಿ ಹರಿದದ್ದನ್ನು ಹಿಡಿ, ಅದು ಕೊಬ್ಬಿದೆ ಎಂದಳು ಪೆತಾಂಗ್. ತನ್ನ ಸಾವಿನ ಊಟವನ್ನು ತಾನೇ ಬಡಿಸಿದಳು, ಯಾರಿಗೆ ಎಷ್ಟು ತುಂಡು ಎಂದು ಹಾಸಿಗೆಯಿಂದಲೇ ಕೂಗುತ್ತ.

ಅಷ್ಟಕ್ಕೇ ಬಿಡಲಿಲ್ಲ. ಹೂತ ಮರುದಿನ ಮನೆಯವರು ಹೊಳೆಗೆ ಹೋಗಿ ಹುಲ್ಲಿನ ಬೂದಿ ಕಲಸಿದ ನೀರಿನಿಂದ ತಲೆ ತೊಳೆದುಕೊಂಡು ದುಃಖ ಬಿಡಬೇಕಲ್ಲ, ಅದೂ ಆಗಬೇಕು ಎಂದಳು. ಸತ್ತವರು ಅದಕ್ಕೆ ಬರುವುದಿಲ್ಲ ಎಂದೆ. ಬದುಕಿರುವವರು ದುಂಗಾವ್ ಹಾಡಿಸಿಕೊಳ್ಳುವುದೂ ಇಲ್ಲ ಎಂದಳು. ಬೆಳ್ಳುಳ್ಳಿ ಸಾಗಿಸುವ ಕೈಗಾಡಿಯಲ್ಲಿ ಹಾಸಿಗೆ ಹಾಸಿ ತಳ್ಳಿಕೊಂಡು ಹೋದೆವು. ಹೊಸ ಹುಲ್ಲು ಸುಟ್ಟ ಬೂದಿ, ಒಂದಿಷ್ಟು ಕಬ್ಬಿನ ಹೆಂಡ. ನಾನು ಅವಳ ತಲೆ ತೊಳೆದೆ, ಅವಳು ನಿನ್ನ ಅಮ್ಮನ ತಲೆ ತೊಳೆದಳು. ಸೊಸೆಯ ಕೂದಲನ್ನು ಅವಳು ಮುಟ್ಟಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಉಳಿದ ಹೆಂಡವನ್ನು ನೆಲಕ್ಕೆ ಚೆಲ್ಲುವುದು ಪಾಪ ಎಂದು ಪೆತಾಂಗ್ ತೀರ್ಪು ಕೊಟ್ಟಳು. ಬರುವಾಗ ಗಾಡಿ ಅಷ್ಟೇನೂ ನೇರವಾಗಿ ಬರಲಿಲ್ಲ.

ಗಡ್ಡೆ ಹಾಗೇ ಇದೆ ಜೊವಿ. ಪವಾಡ ಎಂದು ನಾನು ಬರೆಯುವುದಿಲ್ಲ. ಕ್ರಿಸ್‌ಮಸ್ ಕಾಣುತ್ತಾಳೋ ಇಲ್ಲವೋ. ಆದರೆ ಅವಳು ಗೋಡೆಯ ಕಡೆ ಮಲಗುವುದಿಲ್ಲ. ದಿನಾ ಒಬ್ಬೊಬ್ಬರನ್ನು ಕರೆಸಿ ತನ್ನ ಮೇಲೆ ಏನಾದರೂ ದೂರು ಇದ್ದರೆ ಈಗಲೇ ಹೇಳಿ ಎನ್ನುತ್ತಾಳೆ, ಹೇಳಿದರೆ ಜಗಳ ಆಡುತ್ತಾಳೆ, ಆಮೇಲೆ ಕ್ಷಮೆ ಕೇಳುತ್ತಾಳೆ. ಊರಿನ ಇನ್ನೂ ಮೂವರು ಮುದುಕರು ನಮಗೂ ಹಾಡು ಎಂದು ನನ್ನ ಹಿಂದೆ ಬಿದ್ದಿದ್ದಾರೆ. ಒಬ್ಬನಿಗೆ ಹಾಡಲು ಒಳ್ಳೆಯದು ಏನೂ ಸಿಗುತ್ತಿಲ್ಲ, ಇನ್ನೊಂದು ವರ್ಷ ಬದುಕಿ ಏನಾದರೂ ಮಾಡು ಎಂದು ಕಳಿಸಿದ್ದೇನೆ.

ಅವಳು ಕೇಳುವುದು ಒಂದೇ, ನೀನು. ಹುಣ್ಣು ವಾಸಿಯಾಗುತ್ತೆ ಎನ್ನುವ ನರ್ಸ್ ಬೇಡವಂತೆ, ಬುಟ್ಟಿಯಲ್ಲಿ ಒದ್ದೆ ಮಾಡಿದವಳು ಬೇಕಂತೆ. ಅಪ್ಪನನ್ನು ನನ್ನಿಂದ ಮುಚ್ಚಿಟ್ಟೆ ಎಂದು ಅವಳ ಮುಖಕ್ಕೇ ಬೈಯಬೇಕಾದವಳು ನೀನು, ಆ ಬೈಗಳು ಬರದೆ ತನ್ನ ದುಂಗಾವ್ ಮುಗಿಯುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಸಂಜೆಯ ಬಸ್ಸು ಹತ್ತಿದರೆ ಬೆಳಗ್ಗೆ ಇಲ್ಲಿರುತ್ತೀಯೆ. ಕಪ್ಪು ಬಟ್ಟೆ ತರಬೇಡ. ನನ್ನ ಮೇಲಿನ ಸಿಟ್ಟನ್ನೂ ಬೇಕಾದರೆ ಜೊತೆಗೇ ತಾ, ಒಟ್ಟಿಗೇ ತೀರಿಸಿಕೊಳ್ಳೋಣ.

ನಿನ್ನನ್ನು ಈಗಲೇ ಅಪ್ಪಿಕೊಂಡಿರುವ,
ಅಪೊಂಗ್ ಓನ್ಸಿಯಾಂಗ್

ಕಾಗದ ಮಡಿಸಿದ ಮೇಲೆ ಬರೆದದ್ದು: ನಿನ್ನ ಅಮ್ಮ ಹೇಗಿದ್ದರೂ ಫೋನಿನಲ್ಲಿ ಹೇಳಿಬಿಡುತ್ತಾಳೆ, ಅದಕ್ಕೆ ನಾನೇ ಹೇಳುತ್ತೇನೆ. ನಿನ್ನೆ ಪೆತಾಂಗ್ ನನಗೂ ಒಂದು ದುಂಗಾವ್ ಹಾಡಿದಳು. ಸೆವೆರೊನನ್ನು ಹೂತು ಪ್ರಾರ್ಥನೆಗಳೆಲ್ಲ ಮುಗಿದ ಮೇಲೆ ತಾನು ಹಾಸಿಗೆ ಬಿಟ್ಟು ಏಳದೆ ಅನ್ನ ಬಿಟ್ಟಿದ್ದಳಂತೆ. ಆಗ ನಾನೇ ಬೇಕೆಂದು ನನ್ನ ಅಂಗಳದ ಎಲೆಯನ್ನೆಲ್ಲ ಅವಳ ಬಾಗಿಲಿಗೆ ಗುಡಿಸಿದೆನಂತೆ. ಬೈಯಲು ಎದ್ದು ಬಂದವಳು ಹಾಗೇ ಗಂಜಿ ಕುಡಿದಳಂತೆ. ಕಸವನ್ನು ಮೊದಲು ತಳ್ಳಿದವಳು ತಾನಲ್ಲ, ನಾನು, ಅಂದಿನಿಂದ ಒಂದು ಬೆಳಗ್ಗೆಯನ್ನೂ ತಪ್ಪಿಸಿಲ್ಲ, ಅದು ಜಗಳ ಅಲ್ಲ ಎಂದು ತನಗೆ ಯಾವತ್ತೋ ಗೊತ್ತಿತ್ತು ಎಂದೆಲ್ಲ ಊರಿನವರ ಮುಂದೆ ಹಾಡಿದಳು. ಒಂದು ಮಾತನ್ನೂ ನಂಬಬೇಡ. ಗಾಳಿ ಅವಳ ಬಾಗಿಲ ದಿಕ್ಕಿಗೇ ಬೀಸುತ್ತದೆ.