ಲಿಸ್ಬನ್ನಿನಿಂದ ಒಂದು ರಣಘೋಷಣೆ

ಲಿಸ್ಬನ್, ನವೆಂಬರ್ 1856

ಸ್ಪೇನಿನ ಮಹಾಜನರೇ, ಶಾಸನಸಭೆಯ ಸದಸ್ಯರೇ, ಮತ್ತು ಇವರೆಲ್ಲರ ಪರವಾಗಿ ಇದನ್ನು ಓದುವ ನನ್ನ ಹೆಂಡತಿ ಲಿಯೊಕಾಡಿಯಾ,

ಗೆದ್ದವನಿಗೆ ಗಾದಿ, ಸೋತವನಿಗೆ ಗಡಿಯ ಹಾದಿ. ನಮ್ಮ ಜನರಲ್‌ಗಳ ಪದ್ಧತಿ ನಿನಗೆ ಗೊತ್ತೇ ಇದೆ. ದಂಡಿನ ಅಂಗಳದಲ್ಲಿ ನಿಂತು ನಾನು ಸರ್ಕಾರದ ವಿರುದ್ಧ ಘೋಷಣೆ ಓದಿದೆ, ಬೇರೆ ಯಾವ ಊರಿನ ದಂಡೂ ನನ್ನ ಜೊತೆ ದಂಗೆ ಏಳಲಿಲ್ಲ; ಗಡಿ ದಾಟಿ ಇಲ್ಲಿಗೆ ಬಂದೆ.

ಈಗಲೂ ಬೆಳಿಗ್ಗೆ ಕಿಟಕಿಯ ಬಳಿ ಭಾಷಣ ಅಭ್ಯಾಸ ಮಾಡುತ್ತೇನೆ. ಬಾಡಿಗೆ ಮನೆಯ ಒಡತಿ ಕೆಳಗಿನಿಂದ, "ಜನರಲ್ರೇ, ಸರ್ಕಾರ ಆಮೇಲ್ ಬೀಳ್ಸೀರಂತೆ, ಸೂಪು ಆರ್ತಾ ಇದೆ!" ಎಂದು ಕೂಗುತ್ತಾಳೆ.

ಮನೆಯಿಂದ ಪದಕಗಳ ಕೋಟು ಬೇಡ. ಉಣ್ಣೆಯ ಕಾಲುಚೀಲ ಬೇಕು.

ನೀನು ಬರುತ್ತೇನೆಂದಾಗ, ಮನೆ ತುಂಬ ನನ್ನ ಕಡೆಯ ದಂಡಿನ ಅಧಿಕಾರಿಗಳಿದ್ದಾರೆ, ಜಾಗವಿಲ್ಲ ಎಂದು ಬರೆದಿದ್ದೆನಲ್ಲ? ಇಲ್ಲಿಗೆ ಒಬ್ಬರೂ ಬಂದಿಲ್ಲ, ಲಿಯೊಕಾಡಿಯಾ. ಕಾಲುಚೀಲ ನೀನೇ ತಾ.

ನಿನ್ನ
ಬಾಲ್ತಸಾರ್